ಮೂಲೆಮುದುಕಿಯ ಮುಂದಿನ ಕುರ್ಚಿ

ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನನ್ನು ಎಲ್ಲರೂ ಪೊರಕೆಯಣ್ಣ ಎನ್ನುತ್ತಿದ್ದರು. ಹೆಸರು ಸುಮ್ಮನೆ ಬಂದದ್ದಲ್ಲ. ಹಳೆಯದನ್ನು ಗುಡಿಸಿ ಹಾಕದಿದ್ದರೆ ಅವನಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಅಲ್ಲಿದ್ದ ಹತ್ತೂ ಕಂಪ್ಯೂಟರ್‌ಗಳು ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ನಡೆಯುವಂಥವು. ಅದರ ತಿರುಳಾದ ಕರ್ನೆಲ್‌ನ ಹೊಸ ಆವೃತ್ತಿ ಬಂದ ದಿನವೇ, ಹಿಂದಿನದೊಂದನ್ನು ಬಿಟ್ಟು ಉಳಿದವನ್ನೆಲ್ಲ ಅಳಿಸುತ್ತಿದ್ದ. ಜಾಗ ಉಳಿಯಿತೆಂದು ಬೀಗುತ್ತಲೂ ಇದ್ದ, ಪುಣ್ಯಾತ್ಮ!

ದೊಡ್ಡ ಶಾಲೆಗೆ ಸೇರುವ ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಅವನು ಕಂಪ್ಯೂಟರ್‌ಗಳನ್ನು ಸಜ್ಜುಮಾಡಲು ಕೂತ. ಪ್ರಶ್ನೆಗಳೆಲ್ಲ ಕೈಸನ್ನೆಯಲ್ಲಿ, ಮುಕ್ಕಾಲು ಗಂಟೆಯ ವಿಡಿಯೊದಲ್ಲಿ. ಸರಿಯಾಗಿ ಓಡುತ್ತದೆಯೇ ಎಂದು ನೋಡಿದರೆ, ವಿಡಿಯೊ ತೋರಿಸುವ ಪ್ಲೇಯರ್ ಏಳನೇ ನಿಮಿಷಕ್ಕೆ ಗಕ್ಕನೆ ನಿಂತಿತು. ಪರದೆಯ ಟೀಚರಮ್ಮನ ಕೈ ಗಾಳಿಯಲ್ಲೇ ಉಳಿಯಿತು, ಪಕ್ಕದ ಗಡಿಯಾರ ಮಾತ್ರ ಓಡುತ್ತಲೇ ಇತ್ತು. ನಾಳೆ ಕೂರುವ ಹತ್ತು ಮಕ್ಕಳಲ್ಲಿ ಅವನ ಮಗಳೂ ಒಬ್ಬಳು. ವಯಸ್ಸು ಮೀರುತ್ತಿದ್ದ ಅವಳಿಗೆ ಇದೇ ಕೊನೆಯ ಅವಕಾಶ.

ಬೇರೆ ಪ್ಲೇಯರ್ ಹಾಕಿದ, ಅದೂ ನಿಂತಿತು. ಹಿಂದಿನ ಕರ್ನೆಲ್‌ನಲ್ಲಿ ಶುರುಮಾಡಿದ, ಇಪ್ಪತ್ತನೇ ನಿಮಿಷಕ್ಕೆ ನಿಂತಿತು. ಅದಕ್ಕೂ ಹಳೆಯದು? ಗುಡಿಸಿಯಾಗಿತ್ತಲ್ಲ! ಮತ್ತೆ ಇಳಿಸಿಕೊಳ್ಳೋಣವೆಂದರೆ ಪರೀಕ್ಷೆಯ ನಿಯಮವೆಂದು ಇಂಟರ್ನೆಟ್ ಬೇರೆ ಕಿತ್ತಿದ್ದರು.

ಆಗ ನೆನಪಾದದ್ದು ಮೂಲೆಮುದುಕಿ. ಏಳುವುದಕ್ಕೇ ಹತ್ತು ನಿಮಿಷ ತಿನ್ನುವ, ಮೂಲೆಯಲ್ಲಿದ್ದ ಹತ್ತನೇ ಕಂಪ್ಯೂಟರ್ ಅದು. ಬೇಸರಕ್ಕೆ ಅದನ್ನು ಅವನು ವರ್ಷದಿಂದ ಮುಟ್ಟಿರಲಿಲ್ಲ. ಅದರ ಹಳೇ ಕರ್ನೆಲ್‌ನಲ್ಲಿ ವಿಡಿಯೊ ಕೊನೆಯವರೆಗೂ ಓಡಿತು. ಆ ಕರ್ನೆಲ್ಲನ್ನೇ ಪೆನ್‌ಡ್ರೈವಿನಿಂದ ಉಳಿದ ಒಂಬತ್ತಕ್ಕೂ ಹಾಕಿ, ವಿಡಿಯೊ ಓಡಲು ಬಿಟ್ಟು ಕಾಯುತ್ತ ಕೂತ. ಅರ್ಧ ಗಂಟೆಯಾಗಿತ್ತಷ್ಟೆ, ಕಾವಲುಗಾರ ಬೀಗದ ಕೈ ಕುಣಿಸುತ್ತ ಬಂದ.

"ಅಣ್ಣಾ, ಆರು ಗಂಟೆ ಆಯ್ತು. ಏಳು."

"ಇನ್ನು ಹದಿನೈದೇ ನಿಮಿಷ ಕಣೋ!"

"ಹೆಡ್ಮೇಷ್ಟ್ರು ನನ್ನ ಚರ್ಮ ಸುಲೀತಾರೆ. ಏಳಣ್ಣ."

ನಿಜಕ್ಕೂ ನಂಬಬಹುದಾದದ್ದು ಮೂಲೆಮುದುಕಿ ಒಂದೇ. ಅದರ ಮುಂದೆ ಶಾಲೆಯ ಅಡುಗೆಯವಳ ಮಗಳ ಪರೀಕ್ಷಾ ಸಂಖ್ಯೆಯ ಚೀಟಿ ಇತ್ತು; ಯಾರ ಜಾಗ ಎಲ್ಲೆಂದು ಮಕ್ಕಳು ಆ ಬೆಳಿಗ್ಗೆಯೇ ನೋಡಿಹೋಗಿದ್ದರು. ಹೊರಡುವ ಮುನ್ನ ಪೊರಕೆಯಣ್ಣ ಅತ್ತಿತ್ತ ನೋಡಿದ. ಆ ಚೀಟಿಯನ್ನು ಮೂರನೇ ಕಂಪ್ಯೂಟರಿಗೆ ಅಂಟಿಸಿ, ಅಲ್ಲಿದ್ದ ಮಗಳ ಚೀಟಿಯನ್ನು ಮೂಲೆಗೆ ತಂದ. ಹೆತ್ತ ಕರುಳು, ಏನು ಮಾಡೀತು! ಬೆಳಿಗ್ಗೆ ಮಗಳಿಗೆ ಸನ್ನೆ ಮಾಡಿದ: "ಮೂಲೇಲಿ ಕೂತ್ಕೋ ಪುಟ್ಟಾ. ಅದೊಂದು ನಿಲ್ಲಲ್ಲ, ಬೇರೇವು ಗೊತ್ತಿಲ್ಲ."

ಪರೀಕ್ಷೆ ಶುರುವಾದ ಮೇಲೆ ಬಾಗಿಲ ಗಾಜಿನಿಂದ ಅವನು ಇಣುಕಿದ. ಮೂಲೆಯಲ್ಲಿ ಅಡುಗೆಯವಳ ಮಗಳು ಕೂತಿದ್ದಳು. ಅವನ ಮಗಳು ಮೂರನೆಯದರ ಮುಂದೆ! ಚೀಟಿಗಳೂ ಮೊದಲಿನ ಜಾಗಕ್ಕೇ ಮರಳಿದ್ದವು.

ಇಪ್ಪತ್ತು ನಿಮಿಷ ದಾಟಿತು. ಮೂವತ್ತಾಯಿತು. ಮುಂದೆ ಏನೆಂದು ಅವನಿಗೇ ಗೊತ್ತಿರಲಿಲ್ಲ. ಮೂವತ್ತೆಂಟಕ್ಕೆ ಮೂರನೇ ಪರದೆ ಒಮ್ಮೆ ತಡವರಿಸಿತು. ಅವನು ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದ. ಟೀಚರಮ್ಮನ ಕೈ ಮತ್ತೆ ಆಡಿತು. ನಲವತ್ತೈದಕ್ಕೆ ಹತ್ತೂ ಪರದೆಗಳಲ್ಲಿ ಆಕೆ ಕೈಮುಗಿದಳು.

ಹೊರಬಂದ ಮಗಳನ್ನು ಅವನು ಸನ್ನೆಯಲ್ಲೇ ಕೇಳಿದ: "ಯಾಕೆ ಹಿಂಗೆ ಮಾಡಿದೆ? ನಿಂತಿದ್ರೆ?"

ಅವಳ ಬೆರಳುಗಳು ನಿಧಾನವಾಗಿ ಆಡಿದವು. "ನಿಂತಿದ್ರೆ ಸರಿಮಾಡೋಕೆ ನನಗೆ ನೀನು ಹೊರಗಡೆ ಇದ್ದೆ. ಅವಳ ಅಪ್ಪನಿಗೆ ಕಂಪ್ಯೂಟರ್ ಬರಲ್ಲ."