ಬೇಳೆ ಬೇಯದ ಜಾಗ

ನನ್ನ ಮೈದುನ ಸೈನ್ಯದಲ್ಲಿದ್ದ. ಅವನದು ಬಂದೂಕು ಹಿಡಿಯುವ ಕೆಲಸವಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗಡಿಯ ಆ ಕಡೆಯವರ ವೈರ್‌ಲೆಸ್ ಮಾತು ಕದ್ದು ಕೇಳುವ ಕೆಲಸ. ಅವನು ರಜೆಗೆ ಬಂದಾಗ ನಾನು ಅಕ್ಕಿ ಆರಿಸುತ್ತಾ ಕೇಳಿದ್ದೆ, "ಗುಟ್ಟೆಲ್ಲ ಹಾಗೆ ಬಾಯಿಬಿಟ್ಟು ಹೇಳ್ತಾರೇನೋ?"

"ಗುಟ್ಟು ಯಾರೂ ಹೇಳಲ್ಲ ಅತ್ತಿಗೆ. ಚಳಿ, ಊಟ, ರಜೆ, ಇಷ್ಟೇ ಮಾತು. ಕಂಬಳಿ ಸಾಲ್ತಿಲ್ಲ ಅಂದ್ರೆ ಹೊಸಬರು ಬಂದಿದ್ದಾರೆ ಅಂತ ನಾವು ತಿಳ್ಕೋಬೇಕು."

"ಹಾಗಾದ್ರೆ ನಮ್ಮ ಹೊಸಮನೆ ಬಡಾವಣೆ ಹೆಂಗಸರನ್ನ ಕರ್ಕೊಂಡು ಹೋಗು ಮಾರಾಯ. ಒಂದು ಪ್ಯಾಕೆಟ್ ಹಾಲು ಹೆಚ್ಚು ತಗೊಂಡ್ರೆ ಯಾರ ಮನೆಗೆ ನೆಂಟರು ಬಂದ್ರು ಅಂತ ಹೇಳ್ತಾರೆ!"

ಮುಂದೆ ಗಡಿಯ ಬೆಟ್ಟಗಳಲ್ಲಿ ಯುದ್ಧ ಶುರುವಾಯಿತು. ಅವನು ಮಾತ್ರ ಅಮ್ಮನಿಗೆ, "ನಾನು ಕೆಳಗಡೆ ಕ್ಯಾಂಪಲ್ಲೇ ಇದ್ದೀನಿ, ಬೆಟ್ಟದ ಕಡೆ ಹೋಗಿಲ್ಲ" ಎಂದಿದ್ದ. ಆ ಒಂದು ಮಾತಿನ ಮೇಲೆ ನಮ್ಮತ್ತೆ ಊಟ ಮಾಡುತ್ತಿದ್ದರು, ನಿದ್ದೆ ಮಾಡುತ್ತಿದ್ದರು. ಭಾನುವಾರ ಅವನ ಫೋನು ಬರುತ್ತದೆಂದು ಭದ್ರಾವತಿಯಿಂದ ಬಸ್ಸು ಹತ್ತಿ ನಮ್ಮನೆಗೆ ಬರುವರು. ಟಿವಿಯಲ್ಲಿ ಯುದ್ಧದ ಸುದ್ದಿ ಬಂದರೆ ಎದ್ದು ಹೋಗಿ ಅದರ ಮೇಲೆ ಕಸೂತಿ ಬಟ್ಟೆ ಎಳೆದುಬಿಡುವರು. ಸದ್ದು ಮಾತ್ರ ಒಳಗಿನಿಂದ ಕೇಳುತ್ತಲೇ ಇರುತ್ತಿತ್ತು.

ಒಂದು ಭಾನುವಾರ ಫೋನು ಬಂತು. ಒಂದೇ ರಿಸೀವರಿಗೆ ನಮ್ಮಿಬ್ಬರ ಕಿವಿ. "ಊಟ ಸರಿಯಾಗಿ ಮಾಡ್ತೀಯೇನೋ?" ಎಂದು ಅತ್ತೆ ಕೇಳಿದರು.

"ಏನು ಊಟನೋ ಅಮ್ಮಾ, ಇಲ್ಲಿ ಬೇಳೆನೇ ಬೇಯಲ್ಲ."

ಅತ್ತೆ ಗದರಿದರು. "ಬೇಯದಿದ್ರೆ ಬಿಡು! ಎಲ್ಲಾ ಕಡೆ ನಿನ್ನ ಬೇಳೆ ಬೇಯಬೇಕು ಅಂದ್ರೆ ಹೇಗೆ? ಮೇಲಿನವರಿಗೆ ಎದುರಾಡ್ಬೇಡ."

ನನಗೆ ಹಳೆಯ ಪಾಠವೊಂದು ನೆನಪಾಯಿತು. ಕಾನ್ವೆಂಟಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಸಿಸ್ಟರ್ ಬೋರ್ಡಿನ ಮೇಲೆ ಬೆಟ್ಟ ಬರೆದು, ಅದರ ತುದಿಯಲ್ಲೊಂದು ಪಾತ್ರೆ ಕೂರಿಸಿದ್ದರು. ಎತ್ತರಕ್ಕೆ ಹೋದಷ್ಟೂ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ, ಬೇಳೆ ಮಾತ್ರ ಬೇಯುವುದಿಲ್ಲ. ಹುಡುಗ ಬೆಟ್ಟ ಹತ್ತಿದ್ದಾನೆ! ಅಡುಗೆಮನೆಯವಳಿಗೇ ಇಷ್ಟು ತಿಳಿದರೆ, ಇವನ ಹಾಗೆ ಆ ಕಡೆ ಹೆಡ್‌ಫೋನ್ ಹಾಕಿಕೊಂಡು ಕೂತವನಿಗೆ?

ಮುಂದಿನ ಫೋನಿನಲ್ಲಿ ನಾನೇ ಮೊದಲು ಮಾತಾಡಿದೆ. "ಊಟದ ಸುದ್ದಿ ಎತ್ತಬೇಡ ಕಣೋ. ಕಂಬಳಿ ಕಥೆ ನೆನಪಿದೆ ತಾನೆ?" ಗೊರಗೊರ ಸದ್ದಿನ ನಡುವೆ ಅವನು ಮೆಲ್ಲಗೆ, "ಅಯ್ಯೋ ಅತ್ತಿಗೆ... ಅಮ್ಮನಿಗೆ ಗೊತ್ತಾಯ್ತಾ?"

"ಇಲ್ಲ" ಎಂದೆ.

ಅಷ್ಟರಲ್ಲಿ ಅತ್ತೆ ರಿಸೀವರ್ ಕಿತ್ತುಕೊಂಡರು. "ಈಗಾದ್ರೂ ಬೇಳೆ ಬೇಯ್ತಿದೆಯೇನೋ?" ಬೇಡವೆಂದು ಎಷ್ಟು ಕಣ್ಸನ್ನೆ ಮಾಡಿದರೂ ಕೇಳಲಿಲ್ಲ. "ಮಗನ ಯೋಗಕ್ಷೇಮ ಕೇಳಬಾರ್ದೇನೇ ಮಾರಾಯ್ತಿ?" ಎಂದು ನನಗೇ ಬೈದರು. ಪ್ರತಿ ಸಲವೂ ಅದೇ ಪ್ರಶ್ನೆ. ಅವನು ಏನೋ ಹೇಳಿ ಮಾತು ತೇಲಿಸುತ್ತಿದ್ದ.

ಮಳೆಗಾಲ ಮುಗಿಯುತ್ತಾ ಬಂದಿದ್ದ ಒಂದು ಭಾನುವಾರ ಅವನೇ ನಗುತ್ತಾ ಹೇಳಿದ, "ಅಮ್ಮಾ, ಬೇಳೆ ಬೆಂತು. ಚೆನ್ನಾಗಿ ಬೇಯ್ತಿದೆ."

"ಅಂತೂ ಸಾಹೇಬರ ಹತ್ರ ರಾಜಿಯಾದ" ಎಂದು ಅತ್ತೆ ಸೆರಗಿನಲ್ಲಿ ರಿಸೀವರ್ ಒರೆಸಿಟ್ಟರು. ನಾನು ಒಳಗೆ ಹೋಗಿ ಕುಕ್ಕರಿಗೆ ಒಂದು ಲೋಟ ಬೇಳೆ ಹೆಚ್ಚು ಹಾಕಿದೆ.

"ಅಷ್ಟೊಂದು ಯಾರಿಗೇ?" ಎಂದರು ಬಾಗಿಲಲ್ಲಿ ನಿಂತು.

"ಇರಲಿ ಬಿಡಿ ಅತ್ತೆ, ಒಬ್ಬಟ್ಟು ಮಾಡೋಣ" ಎಂದೆ.