ಹನ್ನೊಂದು ಒಂದುಗಳ ಮೇಷ್ಟರು

ನಮ್ಮ ಲೆಕ್ಕದ ಮೇಷ್ಟರ ಬಲಗಿವಿಯ ಕೂದಲಲ್ಲಿ ಯಾವಾಗಲೂ ಒಂದೆರಡು ತೆಂಗಿನ ನಾರು ಸಿಕ್ಕಿಕೊಂಡಿರುತ್ತಿದ್ದವು. ಅಟ್ಟದಲ್ಲಿ ಒಣಗಿದ ಕಾಯಿಯನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಲೊಟಲೊಟ ಎಂದರೆ ಮಾತ್ರ ಕೆಳಗಿಳಿಸುವ ಮನುಷ್ಯ. ಆ ನಾರಿನ ಸಮೇತವೇ ದಂಡಿನಶಿವರದ ಪಕ್ಕದ ನಮ್ಮೂರಿನ ಶಾಲೆಗೆ ಬರುತ್ತಿದ್ದರು. ನಾವು ಹಿಂದಿನ ಸಾಲಿನಲ್ಲಿ ಕೂತು ನಗುತ್ತಿದ್ದೆವು.

ಅವರಿಗೊಂದು ಹುಚ್ಚು. ಹನ್ನೊಂದು ಒಂದುಗಳನ್ನು ಸಾಲಾಗಿ ಬರೆದರೆ ಬರುವ ಸಂಖ್ಯೆ, 11111111111, ಅವಿಭಾಜ್ಯ; ಒಂದು ಮತ್ತು ಅದೇ ಸಂಖ್ಯೆ ಬಿಟ್ಟು ಬೇರೆ ಯಾವುದರಿಂದ ಭಾಗಿಸಿದರೂ ಏನಾದರೂ ಉಳಿದೇ ಉಳಿಯುತ್ತದೆ ಎಂದು ಅವರ ನಂಬಿಕೆ. ಅದನ್ನು ಕೈಯಿಂದಲೇ ಮಾಡಿ ತೋರಿಸುವ ಹಠ. ಅದಕ್ಕೆ ಮೂರು, ಐದು, ಏಳು ಎಂದು ಲಕ್ಷ ದಾಟುವವರೆಗೂ ಇರುವ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಬೇಕು. ಪುಸ್ತಕದಲ್ಲಿ ನೋಡಬಹುದಲ್ಲ ಸಾರ್ ಎಂದು ನಾನು ಕೇಳಿದ್ದಕ್ಕೆ, "ಇನ್ನೊಬ್ರು ಅಲ್ಲಾಡ್ಸಿದ್ ಕಾಯಿ ನಂಬ್ಕೊಂಡು ನಿಮ್ಮಪ್ಪ ಅಟ್ಟ ಇಳಿಸ್ತಾನೇನಮ್ಮ?" ಎಂದಿದ್ದರು.

ಹೀಗೆ ಹೇಳುವವರು ನಮ್ಮನ್ನು ಮಾತ್ರ ಕಣ್ಣುಮುಚ್ಚಿ ನಂಬಿದರು. ವಾರಕ್ಕೊಮ್ಮೆ ತಲೆಗೊಂದು ಸಂಖ್ಯೆ ಹಂಚುವರು. ಭಾಗಿಸಿ, ಉಳಿದ ಶೇಷವನ್ನು ಅವರ ದಪ್ಪ ಪುಸ್ತಕದಲ್ಲಿ ಬರೆದು ಪಕ್ಕದಲ್ಲಿ ಹೆಸರು ಹಾಕಬೇಕು. ಒಂದು ವಾರ ನನ್ನ ಪಾಲಿಗೆ 21649 ಬಂತು. ಮನೆಯಲ್ಲಿ ಕಾಯಿ ಸುಲಿಯುವ ಗಲಾಟೆ. ಬೇಜಾರಾಗಿ ಅರ್ಧಕ್ಕೇ ಬಿಟ್ಟೆ. ಮರುದಿನ ಶೇಷ 8312 ಎಂದು ಬಾಯಿಗೆ ಬಂದದ್ದನ್ನು ಬರೆದೆ. "ಅಂಕಿ ಚೆಂದಾಗ್ ಬರೀತೀಯ ಕಣಮ್ಮ" ಎಂದು ಮೇಷ್ಟರು ತಲೆ ಸವರಿದರು.

ಮೂವತ್ತು ಸಾವಿರದವರೆಗೆ ನಾವು ಮಕ್ಕಳು ಮಾಡಿದ್ದು. ಮಿಕ್ಕದ್ದನ್ನೆಲ್ಲ ನಿವೃತ್ತಿಯ ಮೇಲೆ ಅವರೊಬ್ಬರೇ ವರ್ಷಗಟ್ಟಲೆ ಭಾಗಿಸಿದರು. ನಾನು ತಿಪಟೂರಿನಲ್ಲಿ ಲೆಕ್ಕದ ಟೀಚರಾಗಿದ್ದಾಗ ಒಂದು ದಿನ ಫೋನ್ ಬಂತು. "ಮುಗೀತು ಕಣಮ್ಮ, ಬಂದು ನೋಡು."

ಹೋದೆ. ಅವರು ಕಾಫಿ ಹೇಳಲು ಒಳಗೆ ಹೋದಾಗ, ಸುಮ್ಮನೆ ಕುತೂಹಲಕ್ಕೆ ಆ ಸಂಖ್ಯೆಯನ್ನು ಮೊಬೈಲಿಗೆ ಹಾಕಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ: 21649 × 513239. ಪುಸ್ತಕ ತಿರುವಿದೆ. 21649ರ ಎದುರು ನನ್ನ ಚೆಂದದ 8312, ನನ್ನ ಹೆಸರು.

"ಸಾರ್, ಇದು ಭಾಗ ಆಗುತ್ತಂತೆ" ಎಂದಷ್ಟೇ ಹೇಳಿದೆ.

ಅವರು ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ, "ಯಾವುದ್ರಿಂದ ಅಂತ ಹೇಳ್ಬೇಡ, ನಾನೇ ಹುಡುಕ್ತೀನಿ. ಮಕ್ಕಳ್ದು ಸರಿಯಾಗೇ ಅದೆ ಬುಡು. ತಪ್ಪಾಗಿರೋದು ನಾನ್ ಮಾಡಿದ್ರಲ್ಲೇ" ಎಂದರು.

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬೇಡ ಎಂದವರು ಅವರೇ ಎಂಬ ನೆಪ ಸಿಕ್ಕಿತು. ಮಕ್ಕಳು ಕಾಪಿ ಹೊಡೆದರೆ ಬೆಂಚಿನ ಮೇಲೆ ನಿಲ್ಲಿಸುವ ಟೀಚರು ನಾನು. ಥೂ, ನನ್ನ ಜನ್ಮಕ್ಕಿಷ್ಟು. ಮೇಷ್ಟರು ಮೂರು ವರ್ಷ, ಕಣ್ಣಿನ ಆಪರೇಷನ್ ಆದಮೇಲೂ, ತಮ್ಮ ಪುಟಗಳನ್ನೇ ಮತ್ತೆ ಮತ್ತೆ ಭಾಗಿಸಿದರು. ಹೋದ ಮಾಗಿಯಲ್ಲಿ ತೀರಿಕೊಂಡರು.

ಹನ್ನೊಂದನೆಯ ದಿನ ಅವರ ಹೆಂಡತಿ ಆ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಮೇಷ್ಟರ ಪುಟಗಳಲ್ಲಿ ಪ್ರತಿ ಲೆಕ್ಕದ ಮುಂದೂ, ಮತ್ತೆ ಮಾಡಿ ನೋಡಿದ ಗುರುತಿಗೆ, ಎರಡೆರಡು ಗೀಟು. ನಾವು ಬರೆದ ಪುಟಗಳಲ್ಲಿ ಒಂದೂ ಇರಲಿಲ್ಲ.

"ತಪ್ಪು ಎಲ್ಲದೆ ಅಂತ ಕಡೇವರ್ಗೂ ಸಿಕ್ಲಿಲ್ಲ ಕಣವ್ವ ಅವ್ರಿಗೆ" ಎಂದರು ಆಕೆ. "ನಿನ್ ಕೈಗೇ ಕೊಡ್ಬೇಕಂತೆ. ಸುಳ್ಳು ಬರಿಯೋಳಲ್ಲ ಅವ್ಳು, ಹುಡುಕ್ತಾಳೆ ಅಂದ್ರು."