ತಡವಾಗಿ ಹಾಡುವವಳು

ನಾವೆಲ್ಲ ಅಕ್ಕ ಎಂದು ಕರೆಯುವ ಈ ಜಾಝ್ ಗಾಯಕಿ ತಾಳಕ್ಕಿಂತ ಕೂದಲೆಳೆಯಷ್ಟು ತಡವಾಗಿ ಹಾಡುತ್ತಾಳೆ. ಬಲ್ಲವರು ಅದನ್ನು ಶೈಲಿ ಎಂದು ಹಾಡಿಹೊಗಳಿದರು. ಶೈಲಿಯೂ ಇಲ್ಲ, ಮಣ್ಣೂ ಇಲ್ಲ. ಇಪ್ಪತ್ತೆರಡು ವರ್ಷ ಅವಳ ಹಿಂದೆ ಕೂತು ಡ್ರಮ್ಸ್ ಬಾರಿಸಿದ ನನಗೆ ಗೊತ್ತು: ಮೊದಲ ಸ್ವರ ಅವಳ ಅಣ್ಣನ ಪಿಯಾನೋದಿಂದ ಬರಬೇಕು, ಆಮೇಲೆ ಅವಳು ಬಾಯಿ ತೆರೆಯಬೇಕು. ಚಿಕ್ಕಂದಿನ ಅಭ್ಯಾಸ.

ಹಾಡು ಬರೆಯುವುದು, ಹಾಡುವುದು, ರೆಕಾರ್ಡ್ ಮಾಡುವುದು ಎಲ್ಲ ಅವಳದೇ. ದೊಡ್ಡ ಕಂಪನಿಯವರು ಒಮ್ಮೆ ಕರೆದಿದ್ದರು. ಪಿಯಾನೋ ಬೇರೆಯವರು ನುಡಿಸಲಿ ಎಂದಾಗ ಎದ್ದು ಬಂದಳು. ಮನೆಯ ಹಿಂದಿನ ಕೋಣೆಯ ಗೋಡೆಗೆಲ್ಲ ಹಳೆ ಕಂಬಳಿ ಹೊಡೆದು, ಅಣ್ಣ ತಂಗಿ ಅಲ್ಲೇ ಎರಡು ಆಲ್ಬಂ ಮುಗಿಸಿದರು. ಮೂರನೆಯದು ಅರ್ಧವಾಗುವಷ್ಟರಲ್ಲಿ ಅಣ್ಣ ತೀರಿಕೊಂಡ.

ಆಮೇಲೆ ಅವಳ ತಡ ಬೆಳೆಯಿತು. ಒಂದು ಬೀಟು, ಎರಡು ಬೀಟು. ಹೊಸ ಪಿಯಾನೋದವನು ನುಡಿಸುತ್ತಿದ್ದರೂ ಅವಳು ಕಾಯುತ್ತ ನಿಲ್ಲುವಳು. ಒಂದು ಸಂಜೆ ವೇದಿಕೆಯ ಮೇಲೆ ಬಾಯಿ ತೆರೆಯಲೇ ಇಲ್ಲ. ಜನ ಕೆಮ್ಮಿದರು. ಕಾರ್ಯಕ್ರಮಗಳು ನಿಂತವು.

"ಈ ಆಲ್ಬಂ ಮುಗಿಸಿದ್ರೆ ಮತ್ತೆ ಹಾಡ್ತೀನಿ ಕಣೋ. ಇಲ್ಲಾಂದ್ರೆ ನನ್ನ ಕಥೆ ಮುಗೀತು ಅಂತ ತಿಳ್ಕೊ," ಎಂದಳು.

ನನಗಾದರೂ ಬುದ್ಧಿ ಇರಬೇಕಿತ್ತು. ಉಳಿದ ಹಾಡೊಂದಕ್ಕೆ ಅಣ್ಣ ಮೊದಲೇ ನುಡಿಸಿಟ್ಟಿದ್ದ ಪಿಯಾನೋ ಹುಡುಕಿ, ಅವಳಿಗೆ ಹೇಳದೆ ಹೆಡ್‌ಫೋನಿಗೆ ಬಿಟ್ಟೆ. ಮೊದಲ ಸ್ವರಕ್ಕೇ ಅವಳ ಭುಜ ಸಡಿಲವಾಯಿತು. ಎಷ್ಟು ಚೆನ್ನಾಗಿ ಹಾಡಿದಳೆಂದರೆ, ಅಣ್ಣನಿಲ್ಲದ ಮೇಲೆ ರೆಕಾರ್ಡಿಂಗ್ ಯಂತ್ರದ ಮುಂದೆ ಕೂರುತ್ತಿದ್ದ ನಾನು ಅತ್ತುಬಿಟ್ಟೆ.

ಆದರೆ ಅಣ್ಣನ ರೆಕಾರ್ಡಿಂಗಿನಲ್ಲಿ ಹಾಡು ಮುಗಿದ ಮೇಲೆ ಉಳಿದ ಬಾಲ ಕತ್ತರಿಸುವುದನ್ನು ಮರೆತಿದ್ದೆ. ಈ ಕಸುಬಿಗೆ ಬಂದವರು ಮೊದಲ ದಿನವೇ ಕಲಿಯುವ ಕೆಲಸ ಅದು. ಪಿಯಾನೋ ನಿಂತಿತು, ಸ್ಟೂಲು ಕಿರುಗುಟ್ಟಿತು, ಅಣ್ಣನ ದನಿ ಬಂತು: "ಇದು ಸರಿ ಹೋಗ್ಲಿಲ್ಲ ಪುಟ್ಟಿ. ಇನ್ನೊಂದ್ಸಲ ನೋಡೋಣ."

ಅಕ್ಕ ನನ್ನ ಕಡೆ ತಿರುಗಲೂ ಇಲ್ಲ. "ಹೂಂ ಅಣ್ಣ," ಎಂದಳು.

ಮತ್ತೆ ಹಾಕಿದೆ. ಮತ್ತೆ ಅದೇ ಮಾತು, ಮತ್ತೆ ಅದೇ "ಹೂಂ". ಮರುವಾರ ಬಾಲ ಕತ್ತರಿಸಿ ಹಾಕಿದರೆ, ಹಾಡು ಮುಗಿದ ಮೇಲೂ ಹೆಡ್‌ಫೋನು ಒತ್ತಿ ಹಿಡಿದು ಮಧ್ಯಾಹ್ನದವರೆಗೆ ನಿಂತೇ ಇದ್ದಳು. ನನಗೆ ಹೆದರಿಕೆಯಾಯಿತು. ಮೊದಲಿನದನ್ನೇ ಹಾಕಿದೆ.

ವರ್ಷವಾಯಿತು. ಪ್ರತಿ ಮಂಗಳವಾರ ಹೋಗಿ ಗುಂಡಿ ಒತ್ತುತ್ತೇನೆ, ಮಾಡಿದ್ದುಣ್ಣಬೇಕಲ್ಲ. ಇಷ್ಟು ಚೆನ್ನಾಗಿ ಅವಳು ಜೀವಮಾನದಲ್ಲೇ ಹಾಡಿರಲಿಲ್ಲ. ಆದರೂ ಒಂದನ್ನೂ ಹೊರಗೆ ಕೊಡಲು ಬಿಡುವುದಿಲ್ಲ.

"ಅಣ್ಣಂಗೆ ಇನ್ನೂ ಒಪ್ಪಿಗೆ ಆಗಿಲ್ವಲ್ಲೋ," ಅನ್ನುತ್ತಾಳೆ.